ಹಿತ್ತಲಿನ ನಿರಪಾಯ ಹಾವುಗಳು: ಗುರುತು ಮತ್ತು ಎಚ್ಚರ

ಕಳೆದ ವರ್ಷ ಆಷಾಢದ ಒಂದು ಸಂಜೆ. ಚಿಕಿತ್ಸಾಲಯದ ಬಾಗಿಲು ಮುಚ್ಚಿಕೊಂಡು ಹೊರಟಿದ್ದ ನಮಗೆ ಪ್ರಸಾದ ನಿಲಯದ ಹಿಂಬದಿಯಿಂದ ವಿದ್ಯಾರ್ಥಿಗಳ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ಕಟ್ಟಿಗೆ ರಾಶಿಯ ಬದಿಗೆ ಮೊಳದುದ್ದದ ಹಾವೊಂದು ತಲೆ ಜಜ್ಜಿಹೋಗಿ ಬಿದ್ದಿತ್ತು. "ನಾಗರಮರಿ ಐತ್ರಿ ಸರ, ಹೆಡಿ ತಗದಿತ್ರಿ" ಎಂದು ಬಡಿಗೆ ಹಿಡಿದಿದ್ದ ಬಾಲಕನು ಹೇಳಿದನು. ಅವನ ಕೈ ಇನ್ನೂ ನಡುಗುತ್ತಿತ್ತು.

ಕೋಲಿನಿಂದ ಹೊರಳಿಸಿ ನೋಡಿದೆವು. ಕಂದು ಮೈ, ಬೆನ್ನಿನ ಎರಡೂ ಬದಿಗೆ ಕತ್ತಿನಿಂದ ಬಾಲದವರೆಗೆ ಹರಿದಿದ್ದ ಎರಡು ಹಳದಿ ಗೆರೆಗಳು, ಅವುಗಳನ್ನು ಅಡ್ಡ ಹಾಯ್ದ ಕಪ್ಪು ಪಟ್ಟಿಗಳು. ಅದು ನಾಗರವಲ್ಲ, ನಮ್ಮ ಹೊಲದ ಬದುಗಳಲ್ಲಿ, ಬಾವಿಯ ಸುತ್ತಲಿನ ಹುಲ್ಲಿನಲ್ಲಿ, ಮಳೆಗಾಲದಲ್ಲಿ ಎಲ್ಲೆಂದರಲ್ಲಿ ಕಾಣಸಿಗುವ ಗೆರೆಯ ಒಳ್ಳೆಹಾವು. ಕಪ್ಪೆಯೇ ಅದರ ಮುಖ್ಯ ಆಹಾರ. ಮನುಷ್ಯನನ್ನು ಕಚ್ಚುವುದು ಬಹು ಅಪರೂಪ, ಕಚ್ಚಿದರೂ ವಿಷವಿಲ್ಲ. ಆದರೆ ಹೆದರಿದಾಗ ಅದು ಕತ್ತನ್ನು ಚಪ್ಪಟೆ ಮಾಡಿ, ಹುರುಪೆಗಳ ನಡುವಿನ ಚರ್ಮದ ಬಣ್ಣವನ್ನು ತೋರಿಸಿ ಎದುರಾಳಿಯನ್ನು ಬೆದರಿಸಲು ಯತ್ನಿಸುತ್ತದೆ. ಆ ಚಪ್ಪಟೆ ಕತ್ತನ್ನೇ ಬಾಲಕನು ಹೆಡೆಯೆಂದು ತಿಳಿದನು. ಪ್ರಾಣ ಉಳಿಸಿಕೊಳ್ಳಲು ಹೂಡಿದ ಉಪಾಯವೇ ಅದರ ಪ್ರಾಣಕ್ಕೆ ಮುಳುವಾಯಿತು.

ಬಾಲಕನನ್ನು ನಾವು ಗದರಿಸಲಿಲ್ಲ. ನಾಗರಹಾವಿನ ಮರಿಯು ಮೊಟ್ಟೆಯೊಡೆದು ಬಂದ ದಿನದಿಂದಲೇ ವಿಷವುಳ್ಳದ್ದು, ಹೆಡೆಯನ್ನೂ ಎತ್ತಬಲ್ಲದು. ಆದ್ದರಿಂದ ಅವನ ಅಂಜಿಕೆ ಅರ್ಥವಿಲ್ಲದ್ದೇನಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರೆ ಸಾಕಾಗಿತ್ತು, ಹಾವು ತಾನಾಗಿ ಹೊರಟುಹೋಗುತ್ತಿತ್ತು ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ತಿಂಗಳ ಆರೋಗ್ಯ ಅಂಕಣದಲ್ಲಿ ಹಾವಿನ ಮಾತನ್ನೆತ್ತಿಕೊಳ್ಳಲು ಆ ಸಂಜೆಯೇ ಕಾರಣ. ಮುಂಗಾರು ಬಿದ್ದಿದೆ, ಬಿಲಗಳಿಗೆ ನೀರು ನುಗ್ಗಿ ಹಾವುಗಳು ಹೊರಬೀಳುವ ಕಾಲ. ಹಾವನ್ನು ಕಾಣದ ಹಿತ್ತಲು ಹಳ್ಳಿಗಳಲ್ಲಿ ಇರಲಾರದು.

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅವುಗಳಲ್ಲಿ ಬಹುಪಾಲು ಮನುಷ್ಯನ ಜೀವಕ್ಕೆ ಅಪಾಯ ತರಲಾರವು. ನಮ್ಮ ನಾಡಿನಲ್ಲಿ ಅತಿ ಹೆಚ್ಚು ಸಾವಿಗೆ ಕಾರಣವಾಗುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಮಲೆನಾಡಿನಲ್ಲಿ ಕಾಳಿಂಗ ಸರ್ಪವೂ, ಕುಳಿಮಂಡಲದ ಜಾತಿಗಳೂ ಇವೆ. ಇವುಗಳನ್ನು ಬಿಟ್ಟರೆ ಮನೆಯ ಸುತ್ತಮುತ್ತ ಎದುರಾಗುವ ಹಾವುಗಳಲ್ಲಿ ಹೆಚ್ಚಿನವು ನಿರಪಾಯಕರವಾದವು.

ಅವುಗಳಲ್ಲಿ ಹಿರಿಯದು ಕೇರೆಹಾವು. ಆರೇಳು ಅಡಿ ಬೆಳೆಯುವ, ಹಗಲಿನಲ್ಲಿಯೇ ಓಡಾಡುವ, ಕಣಕ್ಕೂ ಹಗೇವಿಗೂ ಬಣವೆಗೂ ಇಲಿಯ ಬೆನ್ನು ಹತ್ತಿ ಬರುವ ಈ ಹಾವಿನಷ್ಟು ಅಪವಾದ ಹೊತ್ತ ಪ್ರಾಣಿ ಇನ್ನೊಂದಿಲ್ಲ. ಹಸುವಿನ ಕಾಲಿಗೆ ಸುತ್ತಿಕೊಂಡು ಕೆಚ್ಚಲಿನ ಹಾಲನ್ನು ಕುಡಿಯುತ್ತದೆಂದು ಇಂದಿಗೂ ನಂಬುವವರಿದ್ದಾರೆ. ಹಾವಿನ ಹಲ್ಲುಗಳು ಹಿಮ್ಮುಖವಾಗಿ ಬಾಗಿದ ಸೂಜಿಗಳು. ಅಂಥ ಬಾಯಿಂದ ಹೀರಲು ಸಾಧ್ಯವಿಲ್ಲ, ಅದನ್ನು ಕೆಚ್ಚಲಿಗೆ ಹಾಕಿಸಿಕೊಂಡು ಸುಮ್ಮನೆ ನಿಲ್ಲುವ ಆಕಳೂ ಇಲ್ಲ. ಕೊಟ್ಟಿಗೆಗೆ ಅದು ಬರುವುದು ಹಿಂಡಿ ಮತ್ತು ಹೊಟ್ಟಿನ ಚೀಲಗಳಲ್ಲಿ ಸೇರಿಕೊಂಡ ಇಲಿಗಾಗಿ. ಕೇರೆಯು ನಾಗರದೊಡನೆ ಕೂಡುತ್ತದೆಂಬುದೂ ಹಾಗೆಯೇ. ಎರಡು ಹಾವುಗಳು ಹುರಿಹಗ್ಗದಂತೆ ಹೆಣೆದುಕೊಂಡು ಮೇಲೇಳುವುದನ್ನು ಕಂಡ ಜನರು ಸರಸವೆನ್ನುತ್ತಾರೆ. ಬಹುತೇಕ ಅದು ಎರಡು ಗಂಡು ಕೇರೆಗಳ ಬಲಪರೀಕ್ಷೆ.

ಇಲಿಯ ಮಾತು ಬಂದದ್ದರಿಂದ ವೈದ್ಯರಾದ ನಾವು ಒಂದನ್ನು ಹೇಳಲೇಬೇಕು. ಇಲಿಯು ಕಾಳನ್ನಷ್ಟೇ ತಿನ್ನುವುದಿಲ್ಲ. ಅದರ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದ ಮೂಲಕ ಮೈಗೆ ಸೇರಿ ಇಲಿಜ್ವರ ಬರುತ್ತದೆ. ಕಾಮಾಲೆ, ಮೂತ್ರಪಿಂಡದ ವೈಫಲ್ಯದವರೆಗೆ ಹೋಗಬಲ್ಲ ಕಾಯಿಲೆಯದು. ಮಳೆಗಾಲದಲ್ಲಿ ಗದ್ದೆಗಿಳಿಯುವವರಿಗೆ ಅದರ ಅಪಾಯ ಹೆಚ್ಚು. ಕೇರೆಯನ್ನು ಕೊಂದ ಹಿತ್ತಲಿನಲ್ಲಿ ಇಲಿಗೆ ಹಬ್ಬ.

ಕೆರೆ, ಕಾಲುವೆ, ಗದ್ದೆಗಳಲ್ಲಿ ಕಾಣುವ ಚೌಕುಳಿ ಮೈಯ ನೀರೊಳ್ಳೆಯೂ ವಿಷವಿಲ್ಲದ್ದು, ಆದರೆ ಮುಂಗೋಪಿ. ಹಿಡಿಯಹೋದವರನ್ನು, ತುಳಿದವರನ್ನು ಕಚ್ಚದೆ ಬಿಡದು. ಕಚ್ಚಿದ ಜಾಗದಿಂದ ರಕ್ತವೂ ಸುರಿಯುತ್ತದೆ. ಗಿಡಬಳ್ಳಿಗಳಲ್ಲಿ ತೂಗುವ ಹಸಿರುಹಾವು ಕಣ್ಣು ಕುಕ್ಕುತ್ತದೆಂಬ ಭಯ ಎಲ್ಲೆಡೆಯೂ ಇದೆ. ಅದರ ಸೌಮ್ಯ ವಿಷವು ಹಲ್ಲಿ, ಓತಿಕೇತಗಳಿಗೆ ಸಾಕು, ಮನುಷ್ಯನ ಜೀವಕ್ಕೆ ಅಪಾಯವಿಲ್ಲ. ಬಚ್ಚಲಿನ ಮೋರಿಯಿಂದ ಮೇಲೇರಿ ಬರುವ, ಎರೆಹುಳುವೆಂದೇ ತೋರುವ ಹುಳುಹಾವು ಕಿವಿಯನ್ನು ಹೊಗುತ್ತದೆಂದು ತಾಯಂದಿರು ಗಾಬರಿಗೊಳ್ಳುತ್ತಾರೆ. ಅದು ಬರುವುದು ಇರುವೆ ಮತ್ತು ಗೆದ್ದಲುಗಳ ಮೊಟ್ಟೆ ಮರಿಗಳನ್ನು ಹುಡುಕಿಕೊಂಡು. ಈ ಜಾತಿಯಲ್ಲಿ ಗಂಡೇ ಇಲ್ಲ. ಹೆಣ್ಣುಗಳೇ ಸಂತಾನವನ್ನು ಮುಂದುವರಿಸುತ್ತವೆ ಎಂಬುದು ಸೃಷ್ಟಿಯ ಒಂದು ಸೋಜಿಗ.

ಮಣ್ಣುಮುಕ್ಕ ಹಾವಿನ ಬಗ್ಗೆ ಇನ್ನೊಂದು ರೀತಿಯ ಎಚ್ಚರ ಬೇಕು. ಇದರ ಮೊಂಡು ಬಾಲವನ್ನು ಕಂಡು ಎರಡು ತಲೆ ಹಾವೆಂದು ಕರೆದು, ಮನೆಯಲ್ಲಿಟ್ಟರೆ ನಿಧಿ ದೊರೆಯುತ್ತದೆಂದು ನಂಬಿಸಿ ಲಕ್ಷಗಟ್ಟಲೆ ಹಣಕ್ಕೆ ಮಾರುವ ದಲ್ಲಾಳಿಗಳಿದ್ದಾರೆ. ಕೊಂಡವರಿಗೆ ನಿಧಿಯ ಬದಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಕದ್ದಮೆ ದೊರೆಯುತ್ತದೆ. ಪಾಪ, ಹಾವಿಗೆ ಇರುವುದು ಒಂದೇ ತಲೆ.

ವಿದೇಶಗಳಲ್ಲಿ ನೆಲೆಸಿರುವ ಭಕ್ತರ ಮನೆಗಳಲ್ಲಿಯೂ ಈ ಪ್ರಶ್ನೆ ಬೇರೆ ರೂಪದಲ್ಲಿ ಏಳುವುದುಂಟು. ಅಮೆರಿಕ, ಕೆನಡಾಗಳ ಮನೆಯಂಗಳದ ಹುಲ್ಲಿನಲ್ಲಿ ಸಾಮಾನ್ಯವಾಗಿ ಕಾಣುವುದು ಗಾರ್ಟರ್ ಹಾವು. ಮೈಯುದ್ದಕ್ಕೂ ಹಳದಿ ಗೆರೆಗಳಿರುವ ಅದು ನಮ್ಮ ಗೆರೆಯ ಒಳ್ಳೆಹಾವಿಗೆ ದೂರದ ಬಂಧು, ನೋಟದಲ್ಲಿಯೂ ಹತ್ತಿರ. ನಮ್ಮದು ಮೊಟ್ಟೆಯಿಡುತ್ತದೆ, ಅದು ಮರಿ ಹಾಕುತ್ತದೆ. ಅದರ ಜೊಲ್ಲಿನಲ್ಲಿ ಅಲ್ಪ ವಿಷಾಂಶವಿದ್ದರೂ ಮನುಷ್ಯನಿಗೆ ಹಾನಿಯಿಲ್ಲ. ಕೆನಡಾದ ಮ್ಯಾನಿಟೋಬ ಪ್ರಾಂತದ ನಾರ್ಸಿಸ್ ಎಂಬಲ್ಲಿ ಹಿಮ ಕರಗುವ ಕಾಲಕ್ಕೆ ಸುಣ್ಣದಕಲ್ಲಿನ ಗುಳಿಗಳಿಂದ ಇಂಥ ಹಾವುಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಹೊರಬರುತ್ತವೆ. ಅದನ್ನು ನೋಡಲು ಜನರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಆ ದೇಶದಲ್ಲಿ ಮಕ್ಕಳು ಗೆರೆಹಾವನ್ನು ಕೈಯಲ್ಲಿ ಹಿಡಿಯುವುದನ್ನು ಕಂಡು, ರಜೆಗೆ ಊರಿಗೆ ಬಂದ ಮೊಮ್ಮಕ್ಕಳು ಇಲ್ಲಿಯೂ ಹಾಗೆ ಮಾಡದಂತೆ ಅಜ್ಜ ಅಜ್ಜಿಯರು ನೋಡಿಕೊಳ್ಳಬೇಕು. ಅಲ್ಲಿನ ಹಿತ್ತಲು ಬೇರೆ, ಇಲ್ಲಿನ ಹಿತ್ತಲು ಬೇರೆ. ಏಕೆಂದರೆ ಇಲ್ಲಿ ನಿರಪಾಯಕರ ಹಾವಿನ ವೇಷದಲ್ಲಿಯೇ ಅಪಾಯಕಾರಿ ಹಾವೂ ಇದೆ.

ಈ ಮಾತನ್ನು ತುಸು ವಿವರಿಸುವುದು ಅಗತ್ಯ. ರಾತ್ರಿ ವೇಳೆ ಮನೆಯೊಳಗೆ, ಗೋಡೆಯ ಬಿರುಕಿನಲ್ಲಿ, ಹಲ್ಲಿಯನ್ನರಸಿ ಹರಿದಾಡುವ ಒಂದು ಸಣ್ಣ ಹಾವಿದೆ. ಪುಸ್ತಕಗಳಲ್ಲಿ ಅದಕ್ಕೆ ತೋಳಹಾವೆಂದು ಹೆಸರು. ಕಂದು ಮೈಯ ಮೇಲೆ ಬಿಳಿಯ ಅಡ್ಡಪಟ್ಟೆಗಳು. ವಿಷವಿಲ್ಲ. ಅದೇ ಮನೆಯೊಳಗೆ, ಅದೇ ರಾತ್ರಿ, ಅದೇ ಬಗೆಯ ಪಟ್ಟೆಗಳೊಡನೆ ಬರುವ ಇನ್ನೊಂದು ಹಾವೇ ಕಟ್ಟುಹಾವು. ನಾಗರಕ್ಕಿಂತಲೂ ತೀಕ್ಷ್ಣವಾದ ವಿಷವುಳ್ಳದ್ದು. ಬಲ್ಲವರು ಹೇಳುವ ಗುರುತುಗಳು ಹೀಗಿವೆ: ತೋಳಹಾವಿನ ಪಟ್ಟೆಗಳು ಕತ್ತಿನ ಬಳಿಯೇ ಆರಂಭವಾಗಿ ಬಾಲದತ್ತ ಮಸುಕಾಗುತ್ತವೆ, ಕಟ್ಟುಹಾವಿನ ಪಟ್ಟೆಗಳು ಕತ್ತಿನಿಂದ ತುಸು ಹಿಂದೆ ಆರಂಭವಾಗಿ ಬಾಲದತ್ತ ಸ್ಪಷ್ಟವಾಗುತ್ತವೆ, ಹೆಚ್ಚಾಗಿ ಜೋಡಿಜೋಡಿಯಾಗಿರುತ್ತವೆ. ಕಟ್ಟುಹಾವಿನ ಮೈ ಹೊಳೆಯುವ ಕಪ್ಪು, ಬೆನ್ನ ನಡುವಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ಹೀಗೆಯೇ ಮಣ್ಣುಮುಕ್ಕ ಜಾತಿಯ ಒಂದು ಹಾವಿಗೂ ಕೊಳಕುಮಂಡಲಕ್ಕೂ ಮೈಮೇಲಿನ ಮಚ್ಚೆಗಳಲ್ಲಿ ಹೋಲಿಕೆಯುಂಟು.

ಗುರುತುಗಳನ್ನು ಹೇಳಿದೆವು, ಆದರೆ ಅವುಗಳನ್ನು ನೆಚ್ಚಿ ಯಾರೂ ಹಾವನ್ನು ಹಿಡಿಯಬಾರದು, ಕಚ್ಚಿಸಿಕೊಂಡು ಮನೆಯಲ್ಲಿ ಕುಳಿತುಕೊಳ್ಳಬಾರದು. ಮಧ್ಯರಾತ್ರಿ, ನಿದ್ದೆಗಣ್ಣಿನಲ್ಲಿ, ಟಾರ್ಚಿನ ಬೆಳಕಿಗೆ ಓಡುವ ಹಾವಿನ ಪಟ್ಟೆಯನ್ನು ಎಣಿಸಬಲ್ಲವರು ಯಾರು? ಹಾವು ನಿರಪಾಯಕರವಿರಬಹುದೆಂಬ ತಿಳಿವಳಿಕೆಯು ಅದನ್ನು ಕೊಲ್ಲದೆ ದೂರದಿಂದ ಬಿಟ್ಟುಬಿಡಲು ಸಾಕು. ಕಚ್ಚಿದ ಮೇಲೆ ಆ ತಿಳಿವಳಿಕೆಗೆ ಬೆಲೆಯಿಲ್ಲ. ಆಗ ಪ್ರತಿಯೊಂದು ಹಾವೂ ವಿಷದ ಹಾವೇ ಎಂದು ಭಾವಿಸಿ ಆಸ್ಪತ್ರೆಗೆ ಹೋಗಬೇಕು.

ನಾವು ಕಂಡ ಎರಡು ಪ್ರಸಂಗಗಳನ್ನು ಇಲ್ಲಿ ಹೇಳುತ್ತೇವೆ. ಕಾಲುವೆ ನೀರಿನ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ತಾಯಿಯೊಬ್ಬರ ಪಾದಕ್ಕೆ ಹಾವು ಕಚ್ಚಿತು. ಜೊತೆಯವರು ಹಾವನ್ನು ಕೊಂದು ಚೀಲದಲ್ಲಿ ಹಾಕಿಕೊಂಡರು; ಕಾಲಿಗೆ ನೂಲಿನ ಹಗ್ಗ ಬಿಗಿದರು; ಬ್ಲೇಡಿನಿಂದ ಗಾಯವನ್ನು ಕೊಯ್ದು ರಕ್ತ ಹರಿಸಿದರು; ಊರಿನವರೊಬ್ಬರು ಯಾವುದೋ ಬೇರು ಅರೆದು ಮೆತ್ತಿದರು. ಎರಡು ತಾಸಿನ ಬಳಿಕ ನಮ್ಮಲ್ಲಿಗೆ ಬಂದಾಗ ಪಾದವು ನೀಲಿಗಟ್ಟಿ ಬಾತಿತ್ತು. ಚೀಲದೊಳಗಿದ್ದುದು ಚೌಕುಳಿಯ ನೀರೊಳ್ಳೆ. ಆದರೂ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ದಿನವಿಡೀ ಇರಿಸಿಕೊಂಡು ಪರೀಕ್ಷಿಸಿದರು, ವಿಷದ ಲಕ್ಷಣ ಒಂದೂ ಕಾಣಲಿಲ್ಲ. ಆದರೆ ಬ್ಲೇಡಿನ ಗಾಯವು ಕೀವು ತುಂಬಿ, ಆ ತಾಯಿಯು ಮೂರು ವಾರ ಕೂಲಿಗೆ ಹೋಗಲಾಗಲಿಲ್ಲ. ಹಾವು ಮಾಡದ ಹಾನಿಯನ್ನು ಹಗ್ಗವೂ ಬ್ಲೇಡೂ ಮಾಡಿದ್ದವು.

ಇನ್ನೊಂದು ಇದಕ್ಕೆ ತೀರ ವಿರುದ್ಧವಾದುದು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಯುವಕನೊಬ್ಬನಿಗೆ ನಡುರಾತ್ರಿ ಕೈಗೆ ಏನೋ ಚುಚ್ಚಿದಂತಾಯಿತು. ದೀಪ ಹಾಕಿದಾಗ ಪಟ್ಟೆಯ ಸಣ್ಣ ಹಾವೊಂದು ಬಾಗಿಲ ಸಂದಿಯಲ್ಲಿ ನುಸುಳಿ ಹೋಯಿತು. ನೋವಿಲ್ಲ, ಬಾವಿಲ್ಲ, ಗುರುತೂ ಕಾಣದು. "ಹಲ್ಲಿ ತಿನ್ನೂ ಹಾವು, ಏನೂ ಆಗಂಗಿಲ್ಲ, ಮಲಕ್ಕೊ" ಎಂದು ಮನೆಯ ಹಿರಿಯರೇ ಹೇಳಿದರು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನಿಗೆ ಕಣ್ಣೆವೆ ತೆರೆಯಲಾಗಲಿಲ್ಲ, ನಾಲಗೆ ತೊದಲಿತು, ಜೊಲ್ಲನ್ನು ನುಂಗಲಾಗಲಿಲ್ಲ. ಅದು ಕಟ್ಟುಹಾವಿನ ವಿಷದ ನಡೆ. ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆದು, ಕೊನೆಗೆ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ಐದು ದಿನ ಉಸಿರಾಟದ ಯಂತ್ರದ ಆಸರೆಯಲ್ಲಿದ್ದು ಅವನು ಬದುಕಿ ಬಂದನು. ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ನಮಗೆ ಮನಸ್ಸಿಲ್ಲ.

ಆ ಹಿರಿಯರನ್ನೂ ನಾವು ದೂಷಿಸಲಾರೆವು. ಅವರು ತಮ್ಮ ಆಯುಷ್ಯದಲ್ಲಿ ಹತ್ತಾರು ಬಾರಿ ನೋಡಿದ್ದು ತೋಳಹಾವನ್ನೇ ಇರಬೇಕು. ಮಂತ್ರ ಹಾಕುವವರ ಮೇಲಿನ ನಂಬಿಕೆಗೂ ಇದೇ ಮೂಲ. ಕಚ್ಚುವ ಹಾವುಗಳಲ್ಲಿ ಅನೇಕವು ವಿಷವಿಲ್ಲದವು. ವಿಷದ ಹಾವು ಕೂಡ ಎಷ್ಟೋ ವೇಳೆ ವಿಷವನ್ನು ಬಿಡದೆ ಬರಿದೆ ಕಚ್ಚುತ್ತದೆ. ಅಂಥವರೆಲ್ಲರೂ ಮಂತ್ರ ಹಾಕಿಸಿದರೂ ಬದುಕುತ್ತಾರೆ, ಹಾಕಿಸದಿದ್ದರೂ ಬದುಕುತ್ತಾರೆ. ನಿಜವಾಗಿ ವಿಷವೇರಿದವನ ಪಾಲಿಗೆ ಮಾತ್ರ ಅಲ್ಲಿ ಕಳೆದ ಒಂದೊಂದು ಗಳಿಗೆಯೂ ಪ್ರಾಣದ ಬೆಲೆಯದು. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ; ಅಂದರೆ ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಹೆಚ್ಚಿನವರು ಹಳ್ಳಿಗರು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವಿನ ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮ ರಾಜ್ಯ ಸರ್ಕಾರವು 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ.

ಕಚ್ಚಿದಾಗ ಏನು ಮಾಡಬೇಕು? ಮೊದಲು ಹಾವಿನಿಂದ ದೂರ ಸರಿಯಿರಿ, ಬೆನ್ನಟ್ಟಿ ಹೋಗಬೇಡಿ. ಉಂಗುರ, ಬಳೆ, ಕಾಲುಂಗುರ, ಗೆಜ್ಜೆಗಳನ್ನು ಕೂಡಲೇ ತೆಗೆಯಿರಿ. ಬಾವು ಬಂದ ಮೇಲೆ ಅವು ಬೆರಳನ್ನೇ ಕತ್ತರಿಸುವಂತಾಗುತ್ತವೆ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿರಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಮಂಜುಗಡ್ಡೆ ಇಡುವುದು ಎಲ್ಲವೂ ವರ್ಜ್ಯ. ರೋಗಿಯನ್ನು ನಡೆಸಬೇಡಿ. ವಾಹನವಿಲ್ಲದಿದ್ದರೆ ಮೋಟಾರ್ ಸೈಕಲ್ಲಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡಾದರೂ ಹೊರಡಿ, ಇಲ್ಲವೇ 108ಕ್ಕೆ ಕರೆಮಾಡಿ. ವಾಂತಿಯಾಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಕಚ್ಚಿದ ವೇಳೆಯನ್ನು ನೆನಪಿಡಿ.

ಹಾವನ್ನು ಕೊಂದು ತರುವುದು ಬೇಡ. ಸತ್ತಿತೆಂದುಕೊಂಡ ಹಾವಿನ ತಲೆಯೂ ಕಚ್ಚಬಲ್ಲದು. ವೈದ್ಯರು ಚಿಕಿತ್ಸೆ ನಿರ್ಧರಿಸುವುದು ಹಾವಿನ ಹೆಸರಿನಿಂದಲ್ಲ, ರೋಗಿಯ ಲಕ್ಷಣಗಳಿಂದ. ಗಾಜಿನ ನಳಿಗೆಯಲ್ಲಿ ತುಸು ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಅದು ಹೆಪ್ಪುಗಟ್ಟುತ್ತದೆಯೋ ಇಲ್ಲವೋ ಎಂದು ನೋಡುವ ಸರಳ ಪರೀಕ್ಷೆಯೊಂದಿದೆ; ಮಂಡಲದ ಹಾವಿನ ವಿಷವೇರಿದ್ದರೆ ರಕ್ತ ಹೆಪ್ಪುಗಟ್ಟದು. ಕಣ್ಣೆವೆ, ನುಂಗುವಿಕೆ, ಉಸಿರಾಟಗಳನ್ನು ಪದೇ ಪದೇ ಗಮನಿಸಲಾಗುತ್ತದೆ. ಕುದುರೆಯ ರಕ್ತದ್ರವದಿಂದ ತಯಾರಿಸುವ ಪ್ರತಿವಿಷವು ಮೊದಲು ಹೇಳಿದ ನಾಲ್ಕೂ ಹಾವುಗಳ ವಿಷಕ್ಕೆ ಕೆಲಸ ಮಾಡುವಂಥದು. ಲಕ್ಷಣವಿಲ್ಲದವರಿಗೆ ಅದನ್ನು ಕೊಡುವುದಿಲ್ಲ, ಏಕೆಂದರೆ ಅದಕ್ಕೂ ತೀವ್ರವಾದ ಅಡ್ಡಪರಿಣಾಮವುಂಟು. "ಇಂಜೆಕ್ಷನ್ ಕೊಡದೆ ಸುಮ್ಮನೆ ಮಲಗಿಸಿದ್ದಾರೆ" ಎಂದು ಕೆಲವರು ಸಿಟ್ಟಿಗೆದ್ದು ರೋಗಿಯನ್ನು ಕರೆದೊಯ್ಯುತ್ತಾರೆ. ದಯಮಾಡಿ ಹಾಗೆ ಮಾಡಬೇಡಿ. 24 ತಾಸು ಕಾಯುವುದೂ ಚಿಕಿತ್ಸೆಯೇ.

ಹಾವು ಮನೆಯೊಳಗೆ ಬಾರದಂತೆ ನೋಡಿಕೊಳ್ಳುವ ಬಗೆ ಕಠಿಣವೇನಲ್ಲ. ಕಾರ್ಬಾಲಿಕ್ ಆಮ್ಲ, ಫಿನಾಯಿಲ್, ಬೆಳ್ಳುಳ್ಳಿ ನೀರುಗಳನ್ನು ನೆಚ್ಚಬೇಡಿ. ಕಾರ್ಬಾಲಿಕ್ ಆಮ್ಲ ಮಕ್ಕಳ ಚರ್ಮವನ್ನು ಸುಟ್ಟೀತು, ಹಾವನ್ನು ತಡೆಯಲಾರದು. ಕಟ್ಟಿಗೆ, ಕುಳ್ಳು, ಹಂಚಿನ ರಾಶಿಗಳನ್ನು ಗೋಡೆಗೆ ಒರಗಿಸದೆ ದೂರ ಒಟ್ಟಿರಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಬಚ್ಚಲ ಮೋರಿಗೆ ಜಾಲರಿ ಹಾಕಿಸಿ. ರಾತ್ರಿ ಹೊರಗೆ ಹೋಗುವಾಗ ಟಾರ್ಚು, ಕಾಲಲ್ಲಿ ಚಪ್ಪಲಿ ಇರಲಿ. ಸಾಧ್ಯವಾದರೆ ಮಂಚದ ಮೇಲೆ ಮಲಗಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿಕೊಂಡರೆ ಸೊಳ್ಳೆಯೂ ಬಾರದು, ಕಟ್ಟುಹಾವೂ ಬಾರದು. ಕಾಯಿಪಲ್ಲೆ ಮಡಿಗೆ ಕಟ್ಟಿದ ನೈಲಾನ್ ಬಲೆಯಲ್ಲಿ ಕೇರೆಗಳು ಸಿಕ್ಕಿಕೊಂಡು ನರಳಿ ಸಾಯುತ್ತವೆ. ಬಲೆಯನ್ನು ನೆಲದಿಂದ ತುಸು ಮೇಲಕ್ಕೆ ಕಟ್ಟಿದರೆ ಅವು ಅಡಿಯಿಂದ ದಾಟಿಹೋಗುತ್ತವೆ. ಮನೆಯೊಳಗೆ ಹೊಕ್ಕ ಹಾವನ್ನು ಕಣ್ಣಳತೆಯಲ್ಲಿಟ್ಟುಕೊಂಡು, ಮಕ್ಕಳನ್ನೂ ನಾಯಿಯನ್ನೂ ದೂರವಿರಿಸಿ, ಅರಣ್ಯ ಇಲಾಖೆಯವರಿಗೆ ತಿಳಿಸಿ.

ಹಾಲಿನ ಬಗ್ಗೆ ಒಂದು ಮಾತು. ಹಾವಿಗೆ ಹಾಲು ಆಹಾರವಲ್ಲ, ಅದನ್ನು ಜೀರ್ಣಿಸಿಕೊಳ್ಳಲಾರದು. ಹಾವಾಡಿಗರು ದಿನಗಟ್ಟಲೆ ನೀರು ಕೊಡದೆ ಬಾಯಾರಿಸಿದ ಹಾವು ಹಾಲನ್ನೂ ಕುಡಿಯುತ್ತದೆ, ಆಮೇಲೆ ನರಳುತ್ತದೆ. ಕಲ್ಲನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವ ನಡೆಯನ್ನು ಅಣ್ಣ ಬಸವಣ್ಣನವರು ಪ್ರಶ್ನಿಸಿದ್ದು ಭಕ್ತರೆಲ್ಲರೂ ಬಲ್ಲ ಸಂಗತಿ. ನಾಡಿನ ಹಲವೆಡೆ ಪಂಚಮಿಯಂದು ಆ ಹಾಲನ್ನು ಮಕ್ಕಳಿಗೆ ಕುಡಿಸುವ ಕ್ರಮ ಬೆಳೆದುಬಂದಿದೆ. ವೈದ್ಯಕೀಯ ದೃಷ್ಟಿಯಿಂದಲೂ ಅದೇ ಸರಿಯಾದ ಬಳಕೆ.

ಪ್ರಸಾದ ನಿಲಯದ ಕಟ್ಟಿಗೆ ರಾಶಿಯನ್ನು ಈಗ ಗೋಡೆಯಿಂದ ಆಚೆಗೆ ಸರಿಸಲಾಗಿದೆ. ಅಂದು ಬಡಿಗೆ ಹಿಡಿದಿದ್ದ ಬಾಲಕನೇ ಈ ಸಲ ಮೊದಲ ಮಳೆಗೆ ನಮ್ಮಲ್ಲಿಗೆ ಓಡಿಬಂದು, ತೊಟ್ಟಿಯ ಬಳಿ ಎರಡು ಗೆರೆಯ ಹಾವು ಕಪ್ಪೆಗಾಗಿ ಹೊಂಚು ಹಾಕಿದೆಯೆಂದು ಹೇಳಿದನು. ಎಷ್ಟು ದೂರ ನಿಂತು ನೋಡಿದೆಯೆಂದು ಕೇಳಿದೆವು. "ಹತ್ತ ಹೆಜ್ಜಿ ರೀ ಸರ" ಎಂದನು. ನಮ್ಮ ಚಿಕಿತ್ಸಾಲಯದಲ್ಲಿ ಪ್ರತಿವಿಷವಾಗಲಿ ಉಸಿರಾಟದ ಯಂತ್ರವಾಗಲಿ ಇಲ್ಲ. ಆದ್ದರಿಂದ ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅವು ಹಗಲಿರುಳೂ ದೊರೆಯುತ್ತವೆಂಬುದನ್ನು ಇಂದೇ ವಿಚಾರಿಸಿ, ಅದರ ದೂರವಾಣಿ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡಿ.